ತಗಡಿನ ಆಳಿಗೆ ಹೇಳಿದ ಪಾಪ

ಅವ್ವೆ ತನ್ನ ಆಯುಸ್ಸಿನಲ್ಲಿ ನನ್ನ ಹತ್ತಿರ ಕೇಳಿದ್ದು ಒಂದೇ ಒಂದು. "ನಾ ಸತ್ತ ದಿನ ನನ್ನ ಪಾಪ ನೀನೇ ಹೇಳಬೇಕು, ಮಗಾ. ನಿಮ್ಮಪ್ಪನಿಗೆ ಈಗ ಉಸಿರು ಸಾಲದು." ಆಯ್ತು ಅಂದೆ. ಅನ್ನೋದಕ್ಕೇನು, ಬಾಯಿ ಇತ್ತು, ಅಂದೆ. ನನ್ನ ಬಾಯಿಯ ಮೇಲೆ ಆಗ ನನಗೆ ಎಲ್ಲಿಲ್ಲದ ನಂಬಿಕೆ.

ಪಾಪ ಹೇಳೋದು ಅಂದರೆ ಏನು ಅಂತ ಬಯಲುಸೀಮೆಯವರಿಗೆ ತಿಳಿಯಲಿಕ್ಕಿಲ್ಲ. ನೀಲಗಿರಿಯ ನಮ್ಮ ಬಡಗರ ಹಟ್ಟಿಗಳಲ್ಲಿ ಯಾರಾದರೂ ಸತ್ತರೆ ಹೆಣ ಎತ್ತುವ ಮೊದಲು ಹಟ್ಟಿಯ ಕೆಳಗಿನ ಹುಲ್ಲುಮೈದಾನದಲ್ಲಿ ಒಬ್ಬ ಹಿರಿಯ ಮುಂದೆ ನಿಂತು ಸತ್ತವರ ಪಾಪಗಳನ್ನು ಒಂದೊಂದಾಗಿ ಕೂಗಿ ಹೇಳುತ್ತಾನೆ. ಮಾಡಿದ್ದೋ ಮಾಡದ್ದೋ, ಎಲ್ಲವನ್ನೂ. ಒಂದೊಂದಕ್ಕೂ ಸೇರಿದ ಜನವೆಲ್ಲ "ಅದೂ ಪಾಪವೇ" ಅಂತ ದನಿಗೂಡಿಸಬೇಕು. ಪಕ್ಕದಲ್ಲಿ ಒಂದು ಕರು ನಿಂತಿರುತ್ತೆ. ಕೊನೆಗೆ ಅದರ ಬೆನ್ನ ಮೇಲೆ ಕೈಯಿಟ್ಟು ಅಷ್ಟೂ ಪಾಪವನ್ನು ಅದಕ್ಕೆ ಹೊರಿಸಿ ಗುಡ್ಡಕ್ಕೆ ಅಟ್ಟಿಬಿಡ್ತಾರೆ. ಆಮೇಲೆ ಅದನ್ನು ಯಾರೂ ಕಟ್ಟೋ ಹಾಗಿಲ್ಲ, ದುಡಿಸೋ ಹಾಗಿಲ್ಲ. ಸತ್ತವರು ಹಗುರಾಗಿ ಹೋಗ್ತಾರೆ.

ನಮ್ಮ ಹಟ್ಟಿಗೂ ಸುತ್ತಿನ ನಾಲ್ಕು ಹಟ್ಟಿಗೂ ಪಾಪ ಹೇಳೋನು ನಮ್ಮಪ್ಪ. ಆಲೂಗಡ್ಡೆ ಹೊಲದಲ್ಲಿ ಕಳೆ ಕೀಳುತ್ತಾ ನನಗೆ ಕಲಿಸಿದ. ಸಾಲಿನ ಈ ತುದಿಯಿಂದ ಆ ತುದಿಗೆ ಹೋಗೋವರೆಗೆ ಒಂದೇ ಉಸಿರು. "ಜನ ದನಿಗೂಡಿಸಿ ಮುಗಿಸೋ ಮೊದಲೇ ಮುಂದಿನದನ್ನ ಹಿಡಿಯಬೇಕು. ಮಧ್ಯೆ ನಿಲ್ಲಬೇಡ. ನಿಂತರೆ ಜನ ನಿನ್ನ ಮುಖ ನೋಡ್ತಾರೆ" ಅಂತಿದ್ದ. ಆಗ ಇದೇನು ಮಹಾ ವಿಷಯ ಅನ್ನಿಸಿತ್ತು.

ನಾನು ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿತವನು. ಗುಮಾಸ್ತ ಆಗಲಿ ಅಂತ ಕಲಿಸಿದರು, ಆಗಲಿಲ್ಲ. ಊಟಿಯ ಒಂದು ಸಿನಿಮಾ ಹಾಲಿನಲ್ಲಿ ಕತೆ ಹೇಳೋನಾದೆ. ಆಗಿನ ಚಿತ್ರಗಳಿಗೆ ಮಾತಿರಲಿಲ್ಲ. ನಡುನಡುವೆ ಇಂಗ್ಲಿಷ್ ಅಕ್ಷರದ ಪಟ ಬರೋದು, ನೆಲದ ಮೇಲೆ ಕೂತವರಿಗೆ ಅದು ಸೊನ್ನೆ. ನಾನು ಪರದೆಯ ಪಕ್ಕ ಬಿದಿರಿನ ಕೋಲು ಹಿಡಿದು ನಿಂತು, ತಮಿಳಿನಲ್ಲಿ ಒಂದು ಸಲ, ನಮ್ಮ ಮಾತಿನಲ್ಲಿ ಒಂದು ಸಲ ಹೇಳಬೇಕು. ಇನ್ನೊಂದು ಪಕ್ಕ ಹಾರ್ಮೋನಿಯಂ ನುಡಿಸೋ ಮುದುಕ. ಸಂತೆ ದಿನ ಮಧ್ಯಾಹ್ನವೇ ಒಂದು ಆಟ ಹೆಚ್ಚಿಗೆ ಇರೋದು, ಕೆತ್ತಿ ಕಣಿವೆ ಕಡೆಯ ನಮ್ಮ ಹಟ್ಟಿಗಳ ಜನ ಚಿತ್ರ ನೋಡಿ ಬೆಳಕಿರುವಾಗಲೇ ಮನೆ ಸೇರಲಿ ಅಂತ.

ಒಂದು ಮಳೆಗಾಲ ಮುಗಿಯೋ ಹೊತ್ತಿಗೆ ಆ ಚಿತ್ರ ಬಂತು. ಯಾವುದೋ ದೂರದ ಬಂದರು. ಹಡಗಿನಿಂದ ಮೂಟೆ ಇಳಿಸೋಕೆ ನೂರಾರು ಆಳುಗಳು. ಒಬ್ಬ ಪಂಡಿತ ಕಬ್ಬಿಣ ತಗಡು ಸೇರಿಸಿ ಒಂದು ಆಳನ್ನು ಮಾಡ್ತಾನೆ. ಸೀಟಿ ಊದಿದರೆ ಬಗ್ಗುತ್ತೆ, ಹೊರುತ್ತೆ, ಇಳಿಸುತ್ತೆ. ಕೂಲಿ ಬೇಡ, ಕೂಳು ಬೇಡ. ಧಣಿ ಉಳಿದ ಆಳುಗಳನ್ನೆಲ್ಲ ಹೊರಗೆ ಹಾಕ್ತಾನೆ. ಪಂಡಿತನಿಗೆ ಅಷ್ಟಕ್ಕೇ ಸಮಾಧಾನ ಇಲ್ಲ, ಅದರ ತಲೆಯೊಳಗೆ ಬುದ್ಧಿ ಅಂತ ಒಂದು ಚಕ್ರ ಕೂರಿಸ್ತಾನೆ. ಧಣಿ ಹೇಳಿದ ಅಂತ ಅದು ಒಬ್ಬ ಆಳನ್ನು ತುಳಿದು ಕೊಲ್ಲುತ್ತೆ. ಆಮೇಲೆ ಒಂದು ದಿನ ಸೀಟಿ ಊದಿದರೂ ಬಗ್ಗೋದಿಲ್ಲ. ಪರದೆಯ ತುಂಬ ಒಂದೇ ಪದ ಬರುತ್ತೆ, ಆಗಲ್ಲ ಅಂತ. ಕೊನೆಗೆ ಧಣಿಯನ್ನೂ ತುಳಿಯುತ್ತೆ. ಜನ ಸೇರಿ ಅದನ್ನು ಎತ್ತರದಿಂದ ಕೆಳಕ್ಕೆ ನೂಕ್ತಾರೆ. ಕತೆ ಅಷ್ಟೇ.

ನಡುವೆ ಒಂದು ಕಡೆ, ಬಂದರು ಖಾಲಿ, ರಜದ ದಿನ, ಒಬ್ಬ ನರಪಿಳ್ಳೆ ಇಲ್ಲ. ದೂರದಲ್ಲಿ ಯಾವುದೋ ಹಡಗಿನ ಸೀಟಿಯಿಂದ ಆವಿ ಎದ್ದಿತು. ತಗಡಿನ ಆಳು ಬಗ್ಗಿ, ಇಲ್ಲದ ಮೂಟೆಯನ್ನು ಹೆಗಲಿಗೆ ಏರಿಸಿ, ಹತ್ತು ಹೆಜ್ಜೆ ನಡೆದು, ಜೋಪಾನವಾಗಿ ಇಳಿಸಿತು. ನೆಲದವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಒಂದೇ ಚಿತ್ರ, ನೋಡಿದ್ದು ಮಾತ್ರ ಒಂದೇ ಅಲ್ಲ. ಕುರ್ಚಿಯಲ್ಲಿ ಎಸ್ಟೇಟಿನ ದೊರೆಗಳು, ದೊರೆಸಾನಿಯರು. ಬೆಂಚಿನಲ್ಲಿ ಗುಮಾಸ್ತರು. ನೆಲದಲ್ಲಿ ನಾವು. ತಗಡಿನ ಆಳು ಆಗಲ್ಲ ಅಂದಾಗ ಕುರ್ಚಿಯವರು ಉಸಿರು ಬಿಗಿಹಿಡಿದರು, ನೆಲದವರು ಚಪ್ಪಾಳೆ ತಟ್ಟಿದರು. ಅದು ಆಳನ್ನು ತುಳಿದಾಗ ನೆಲ ಸುಮ್ಮನಾಯಿತು, ಕುರ್ಚಿಯಲ್ಲಿ ಯಾರೋ ಸಿಗಾರಿಗೆ ಬೆಂಕಿ ಹಚ್ಚಿದರು. ಅವರಿಗೆ ಭಯ ಇದ್ದದ್ದು ಅದಕ್ಕೆ ಬುದ್ಧಿ ಬಂದದ್ದಕ್ಕೆ. ನಮ್ಮವರಿಗೆ ಭಯ ಆದದ್ದು ಬುದ್ಧಿ ಬರೋದಕ್ಕೆ ಮೊದಲು ಅದು ಎಷ್ಟು ಚೆನ್ನಾಗಿ ಕೆಲಸ ಮಾಡ್ತಿತ್ತು ಅನ್ನೋದಕ್ಕೆ. ಎಸ್ಟೇಟಿನಲ್ಲಿ ಬೆನ್ನು ಬಗ್ಗಿಸಿ ಬಂದ ಒಬ್ಬಳು ಕೇಳಿದಳು, "ಇಂಥದ್ದು ಇಲ್ಲಿಗೆ ಯಾವಾಗ ಬರುತ್ತೆ, ಅಣ್ಣಾ?" ನಾನು ಹಾಸ್ಯ ಮಾಡಿ ಕಳಿಸಿದೆ. ಹಾಸ್ಯ ಬಿಟ್ಟು ನನಗೆ ಬೇರೆ ಏನು ಬರ್ತಿತ್ತು.

ಮೊದಲ ಸಂತೆ ದಿನವೇ ಅವ್ವೆಯನ್ನೂ ಕರೆತಂದಿದ್ದೆ. ಹೆಂಗಸರ ಕಡೆ ಚಾಪೆಯ ಮೇಲೆ, ಬಿಳಿ ಸೀರೆಯ ಸೆರಗು ತಲೆಗೆ ಬಿಗಿದು ಕೂತಿದ್ದಳು. ಅವಳು ಹುಟ್ಟಿದ ಮೇಲೆ ನೋಡಿದ ಮೊದಲ ಸಿನಿಮಾ, ಕೊನೆಯದೂ ಅದೇ. ವಾಪಸು ಹೋಗುವಾಗ ಕರ್ಪೂರ ಮರಗಳ ಕೆಳಗಿನ ಏರಿನಲ್ಲಿ ನಿಂತು ಏದುಸಿರು ಬಿಡುತ್ತಾ ಹೇಳಿದಳು, "ಅದರೊಳಗೆ ಯಾರೋ ಇದ್ದಾನೆ."

"ಇಲ್ಲ ಅವ್ವೆ. ಬರೀ ಯಂತ್ರ. ಬುದ್ಧಿ ಇರೋ ಯಂತ್ರ."

"ನಡಿಗೆ ನೋಡಲಿಲ್ವಾ? ಎಡಗಾಲು ನೋಯ್ತಿತ್ತು ಅದಕ್ಕೆ. ಒಳಗಿನವನಿಗೆ ಚಪ್ಪಲಿ ಕಚ್ಚಿರಬೇಕು."

ನಾನು ನಕ್ಕೆ. ದಿನಾ ಅದನ್ನೇ ನೋಡ್ತಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಮಾರನೆಯ ದಿನ ನೋಡಿದೆ. ನಿಜ, ಎಡಗಾಲು ಎಳೀತಿತ್ತು. ತಗಡಿನೊಳಗೆ ಯಾವ ಊರಿನ ಯಾವ ಬಡಪಾಯಿಯೋ ಬೆವರು ಸುರಿಸಿದ್ದ. ಆದರೂ ನಾನು ಜನಕ್ಕೆ ಹೇಳಿದ್ದು, ಒಳಗೆ ಯಾರೂ ಇಲ್ಲ, ಬುದ್ಧಿ ಅದರದ್ದೇ ಅಂತ. ಹಾಗೆ ಹೇಳಿದರೆ ಜನ ಬಾಯಿ ಬಿಟ್ಟುಕೊಂಡು ಕೂರ್ತಿದ್ದರು.

ಎರಡನೆಯ ಸಂತೆ ದಿನ ನಡೆದದ್ದನ್ನು ನಾನಾಗಿ ಮಾಡಿದೆನೋ, ನಾಲಿಗೆ ತಾನಾಗಿ ಹೊರಳಿತೋ, ಇವತ್ತಿಗೂ ತಿಳಿಯದು. ತಿಳಿಯದು ಅನ್ನೋದು ಸುಳ್ಳು. ನಾನೇ ಮಾಡಿದೆ. ಕೊನೆಯ ರೀಲು ನಡೀತಿತ್ತು. ತಗಡಿನ ಆಳು ಚೂರು ಚೂರಾಗಿ ಬಿದ್ದಿತ್ತು. ನೆಲದಿಂದ ಒಬ್ಬ ಮುದುಕ ಜೋರಾಗಿ ಕೇಳಿದ, "ಎರಡು ಕೊಲೆ ಮಾಡ್ತಲ್ಲ, ಅದರ ಪಾಪ ಯಾರಿಗೆ?"

ಒಳ್ಳೆ ಪ್ರಶ್ನೆ. ಮಾಡಿಸಿದವನಿಗೋ, ಮಾಡಿದವನಿಗೋ, ಬುದ್ಧಿಯ ಚಕ್ರ ಇಟ್ಟವನಿಗೋ? ಉತ್ತರ ಇಲ್ಲದೆ ನಿಲ್ಲೋದಕ್ಕೆ ನನಗೆ ಅವಮಾನ. ಕೋಲನ್ನು ಪರದೆಯ ಕಡೆ ಎತ್ತಿ, ನಮ್ಮಪ್ಪನ ರಾಗದಲ್ಲಿ ಶುರುಮಾಡಿಬಿಟ್ಟೆ. "ಹೇಳಿದವರ ಮಾತು ಕೇಳಿ ಒಬ್ಬನನ್ನು ತುಳಿದದ್ದು."

ಹುಟ್ಟಿದಾಗಿನಿಂದ ಕೇಳಿದ ರಾಗ. ನೆಲದವರು ಯೋಚನೆ ಮಾಡಲೇ ಇಲ್ಲ. "ಅದೂ ಪಾಪವೇ" ಅಂದರು.

"ಹೇಳಿದವರ ಮಾತು ಕೇಳದೆ ಇನ್ನೊಬ್ಬನನ್ನು ತುಳಿದದ್ದು."

"ಅದೂ ಪಾಪವೇ."

"ಇಷ್ಟು ಜನರ ಕೂಳು ಕಿತ್ತು ತಾನು ಉಣ್ಣದೆ ಹೋದದ್ದು."

"ಅದೂ ಪಾಪವೇ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಅಲ್ಲಿಯವರೆಗೆ ಅದು ಹಾಸ್ಯವಾಗಿರಲಿಲ್ಲ, ಮುಂದೆ ಕೂತ ಒಬ್ಬ ಮುದುಕಿ ಕಣ್ಣು ಒರೆಸಿಕೊಂಡಿದ್ದಳು. ಆದರೆ ನನಗೆ ನಗು ಬೇಕಿತ್ತು. "ಎಣ್ಣೆ ಕುಡಿದು ಲೋಟ ತೊಳೆಯದೆ ಇಟ್ಟದ್ದು" ಅಂದು ನಿಂತೆ. ಒಂದು ಗಳಿಗೆ ಇಡೀ ಸಿನಿಮಾ ಹಾಲು ಸುಮ್ಮನಿತ್ತು, ಆಮೇಲೆ ಹೋ ಅಂತ ಎದ್ದಿತು. ಯಾರೋ ಕೂಗಿದರು, "ಕರು ಎಲ್ಲಿ?" ನಾನು ಕೋಲಿನಿಂದ ಪರದೆ ಬಡಿದು, "ಈ ಬಟ್ಟೆ ಮೇಲೇ ಹಾಕಿ, ನಾಳೆ ಒಗೀತಾರೆ" ಅಂದೆ. ನಕ್ಕು ನಕ್ಕು ಜನ ಒಬ್ಬರ ಮೇಲೊಬ್ಬರು ಬಿದ್ದರು.

ಸಿನಿಮಾ ಹಾಲಿನ ಮೊದಲಾಳಿ, ಅಂದರೆ ಯಜಮಾನ, ನನ್ನನ್ನು ತಲೆ ಮೇಲೆ ಕೂರಿಸಿಕೊಂಡ. ಪ್ರತಿ ಆಟಕ್ಕೂ ಹೇಳಬೇಕು ಅಂದ. ತನ್ನ ಹಳೇ ಕಪ್ಪು ಕೋಟು ಕೊಟ್ಟ, ಅದು ಹೆಗಲಲ್ಲಿ ಬಿಗಿ, ಆದರೂ ಹಾಕಿದೆ. ಜನ ಎರಡನೆಯ ಸಲ, ಮೂರನೆಯ ಸಲ ಬಂದರು, ಚಿತ್ರಕ್ಕಲ್ಲ, ಪಾಪಕ್ಕೆ. ಎಲ್ಲಿ ನಿಲ್ತೀನಿ ಅಂತ ಅವರಿಗೆ ಬಾಯಿಪಾಠ ಆಯಿತು. ನಾನು ನಿಂತರೆ ಸಾಕು, "ನಾಳೆ ಒಗೀತಾರೆ" ಅಂತ ಅವರೇ ಹೇಳೋರು. ಕುರ್ಚಿಯವರಿಗೂ ಸುದ್ದಿ ಮುಟ್ಟಿ, ಒಬ್ಬ ದೊರೆಸಾನಿ ಅದನ್ನು ಇನ್ನೊಂದು ಸಲ ಹೇಳಿಸಿ ಅಂತ ಚೀಟಿ ಕಳಿಸಿದಳು. ಹೇಳಿದೆ. ಮೈಯಲ್ಲಿ ಕೋಟಿತ್ತು, ನಾಚಿಕೆ ಇರಲಿಲ್ಲ.

ಒಂದು ಸಂತೆ ದಿನ ಆಟ ಮುಗಿದು ಹೊರಗೆ ಬಂದರೆ ಅಪ್ಪ ನಿಂತಿದ್ದ. ಆಲೂಗಡ್ಡೆ ಇಳಿಸಿ, ಟಿಕೆಟು ತಗೊಂಡು, ನೆಲದಲ್ಲಿ ಕೂತು ಪೂರ್ತಿ ನೋಡಿದ್ದ. ತಲೆವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಾ, "ಚೆನ್ನಾಗಿ ಹೇಳಿದೆ. ರಾಗದಲ್ಲಿ ಒಂದು ತಪ್ಪಿಲ್ಲ" ಅಂದ.

ನಾನು ಕೋಟಿನ ಗುಂಡಿ ಬಿಚ್ಚತೊಡಗಿದೆ.

"ಆ ತಗಡಿಗೆ ಬುದ್ಧಿ ಇತ್ತು ಅಂದೆಯಲ್ಲ. ಬುದ್ಧಿ ಇದ್ದರೆ ತನ್ನ ಪಾಪ ತಾನೇ ಒಪ್ಪಿಕೊಳ್ಳಲಿ ಬಿಡು. ಸತ್ತವರಿಗೆ ಬಾಯಿಲ್ಲ ಅಂತ ನಾವು ಹೇಳೋದು. ಅವರು ನಮ್ಮವರು ಅಂತ ಹೇಳೋದು."

"ತಮಾಷೆಗೆ ಅಪ್ಪ."

"ಇನ್ನೂ ಎಷ್ಟು ದಿನ ಇದು?"

"ಹತ್ತು ದಿನ."

"ಹತ್ತು ದಿನವೂ ದಿನಾ ಸಾಯುತ್ತಾ ಅದು?"

"ಸಂತೆ ದಿನ ಎರಡು ಸಲ" ಅಂದೆ. ಅಪ್ಪ ಬೈಯಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಖಾಲಿ ಗೋಣಿ ಮಡಿಚಿ ಕಂಕುಳಿಗೆ ಇಟ್ಟುಕೊಂಡು ಇಳಿಜಾರಿನಲ್ಲಿ ಹೊರಟ. ಬೈದಿದ್ದರೆ ನಿಲ್ಲಿಸ್ತಿದ್ದೆನಾ? ನನ್ನನ್ನು ನಾನು ಬಲ್ಲೆ, ನಿಲ್ಲಿಸ್ತಿರಲಿಲ್ಲ.

ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟೋ ತಿಂಗಳಲ್ಲಿ ಅವ್ವೆ ಹೋದಳು. ನಾಲ್ಕು ದಿನ ಎದೆನೋವು ಅಂದಳು, ಐದನೆಯ ದಿನ ಒಲೆಯ ಪಕ್ಕ ಮಲಗಿದವಳು ಏಳಲಿಲ್ಲ. ನಾನು ಕೋಟು ಬಿಚ್ಚಿಟ್ಟು ಬಿಳಿ ಬಟ್ಟೆ ಉಟ್ಟು ಹೋದೆ. ಸುತ್ತಿನ ಹಟ್ಟಿಗಳೆಲ್ಲ ಸೇರಿದ್ದವು. ಮೈದಾನದಲ್ಲಿ ಮಂಚದ ಮೇಲೆ ಅವ್ವೆ. ಸಾವಿಗೆ ವಾದ್ಯ ನುಡಿಸೋ ಕೋತರು ಕೊಳಲು ತಮಟೆ ನಿಲ್ಲಿಸಿದರು. ಕರುವನ್ನು ತಂದು ನಿಲ್ಲಿಸಿದರು, ಕೆಂದು ಕರು, ಮುಂಗಾಲು ಒಂದು ಬಿಳಿ. ಅಪ್ಪ ಮುಂದೆ ಬಂದು ನಿಂತ, ಏದುಸಿರು ಬಿಟ್ಟ, ನನ್ನ ಕಡೆ ತಿರುಗಿ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ನೂಕಿದ. "ಅವಳು ನಿನ್ನನ್ನೇ ಕೇಳಿದ್ದು. ಹೇಳು."

ಹೇಳಿದೆ. ಅಪ್ಪ ಕಲಿಸಿದ ಹಾಗೇ. ನೆರೆಮನೆಯ ಕೂಸು ಅತ್ತಾಗ ಬಾಗಿಲು ಮುಚ್ಚಿದ್ದು. ಅದೂ ಪಾಪವೇ. ಸೊಸೆಯ ತಟ್ಟೆಗೆ ತಳದ್ದನ್ನು ಬಡಿಸಿದ್ದು. ಅದೂ ಪಾಪವೇ. ಇದರಲ್ಲಿ ಯಾವುದನ್ನೂ ಅವ್ವೆ ಮಾಡಿದವಳಲ್ಲ. ನನ್ನ ದನಿ ಚೆನ್ನಾಗಿ ಏರುತ್ತಿತ್ತು. ಚೆನ್ನಾಗಿ ಏರುತ್ತಿದೆ ಅಂತ ನನಗೆ ಗೊತ್ತಾಗುತ್ತಲೂ ಇತ್ತು. ಥೂ, ಅದೇ ನನ್ನ ಕೇಡು.

"ಹಸಿದು ಬಂದವರಿಗೆ ಒಲೆ ಆರಿದೆ ಅಂದದ್ದು" ಅಂದೆ. ಅಂದು, ನಿಂತೆ.

ಯಾಕೆ ನಿಂತೆ? ಅಲ್ಲಿ ನಿಲ್ಲೋ ಹಾಗಿಲ್ಲ. ಹಾಲಿನಲ್ಲಿ ನಾಲ್ಕನೆಯದಕ್ಕೆ ನಿಲ್ತಿದ್ದೆ. ಇಲ್ಲಿ ಮೂರಕ್ಕೇ ನಾಲಿಗೆ ನಿಂತಿತು. ಕೋಲಿಲ್ಲದ ಬಲಗೈ ಮೇಲೆ ಎದ್ದಿತು. ನಗು ಬರೋ ಮೊದಲು ಒಂದು ಗಳಿಗೆ ಹಾಲು ಸುಮ್ಮನಿರ್ತಿತ್ತಲ್ಲ, ಮೈದಾನದಲ್ಲೂ ಹಾಗೇ ಆಯಿತು. ಅಲ್ಲಿ ನಿಂತವರಲ್ಲಿ ಅರ್ಧ ಜನ ಆ ನೆಲದಲ್ಲಿ ಕೂತವರು. ಅವರಿಗೆ ಆ ನಿಲುಗಡೆ ಬಾಯಿಪಾಠ. ಎಲ್ಲರೂ ನನ್ನ ಮುಖ ನೋಡಿದರು.

ಮಂಚದ ತಲೆಯ ಹತ್ತಿರ ಮಾಮ ನಿಂತಿದ್ದ, ಅವ್ವೆಯ ಒಡಹುಟ್ಟಿದ ಅಣ್ಣ. ಬೆಳಗಿನಿಂದ ಅತ್ತು ಅತ್ತು ಕಣ್ಣು ಊದಿತ್ತು. ಅವನ ಬಾಯಿಂದ ತಾನಾಗಿ ಬಂತು, ಮೆತ್ತಗೆ, "ನಾಳೆ ಒಗೀತಾರೆ."

ಮೊದಲು ಒಬ್ಬರ ಮೂಗಿನಿಂದ ಸದ್ದು. ಆಮೇಲೆ ಇನ್ನೊಬ್ಬರು. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ತಡೆಯೋಕೆ ಹೋದಷ್ಟೂ ನಗು ಹೆಚ್ಚಾಯಿತು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಅವರೆಲ್ಲ ಅವ್ವೆಯ ಕೈಯಲ್ಲಿ ಉಂಡವರು. ಮಾಮ ತನ್ನ ಬಾಯಿಗೆ ತಾನೇ ಹೊಡೆದುಕೊಂಡು ನೆಲಕ್ಕೆ ಕುಸಿದ. ಅವನ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಅವನಿಗೆ ಅದನ್ನು ಕಲಿಸಿದವನು ನಾನು.

ಅಪ್ಪ ನನ್ನನ್ನು ಪಕ್ಕಕ್ಕೆ ಸರಿಸಿದ. ಮೊದಲಿನಿಂದ ಶುರುಮಾಡಿದ. ನಗು ನಿಂತಿತು. ಒಂದೊಂದು ಪಾಪಕ್ಕೂ ಅವನ ಹೆಗಲು ಏರಿ ಇಳಿಯುತ್ತಿತ್ತು. ಅರ್ಧಕ್ಕೆ ಬರೋ ಹೊತ್ತಿಗೆ ಕೆಮ್ಮು ಹಿಡಿಯಿತು. ಬಾಯಿ ಆಡುತ್ತಿತ್ತು, ದನಿ ಹೊರಡಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ಮುಂದಿನದು ನನಗೆ ಬರುತ್ತಿತ್ತು, ಅಷ್ಟೂ ಬರುತ್ತಿತ್ತು. ಬಾಯಿ ತೆರೆಯೋ ಧೈರ್ಯ ಆಗಲಿಲ್ಲ. ಹಟ್ಟಿಯ ಗೌಡ ಹೊತ್ತು ನೋಡಿದ, ಕಾದ, ಕೊನೆಗೆ "ಸಾಕು" ಅಂದ. ಅಪ್ಪ ಕೈಯನ್ನು ಕರುವಿನ ಬೆನ್ನ ಮೇಲಿಟ್ಟ. ಅದನ್ನು ಗುಡ್ಡಕ್ಕೆ ಅಟ್ಟಿದರು. ಅವ್ವೆಯನ್ನು ಎತ್ತಿದರು.

ಹಟ್ಟಿಯವರು ನನ್ನನ್ನು ಹೊರಗಿಡಲಿಲ್ಲ, ದಂಡ ಹಾಕಲಿಲ್ಲ. ಹಾಗೆ ಮಾಡಿದ್ದರೆ ಜಗಳ ಆಡಬಹುದಿತ್ತು. ಆಮೇಲೆ ಯಾವ ಸಾವಿನಲ್ಲೂ ನನ್ನನ್ನು ಮುಂದೆ ಕರೆಯಲಿಲ್ಲ, ಅಷ್ಟೇ. ಅಪ್ಪ ಆ ಮಾತನ್ನೇ ಎತ್ತಲಿಲ್ಲ. ತಾನು ಹೋಗೋದಕ್ಕೆ ಸ್ವಲ್ಪ ದಿನ ಮುಂಚೆ, ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಾಗ, ಒಂದು ಸಲ ಅಂದ, "ಅವಳದ್ದು ಹೇಳದೆ ಉಳಿದದ್ದು ಯಾರ ಮೇಲಿದೆ ಅಂತ ನನಗೆ ಗೊತ್ತಾಗ್ತಿಲ್ಲ." ನನ್ನ ಮೇಲೆ ಅಂತ ಹೇಳಿದ್ದರೆ ಎಷ್ಟೋ ಮೇಲಿತ್ತು.

ಹಾಲಿನ ಕೆಲಸ ಬಿಟ್ಟೆ ಅಂದುಕೊಂಡಿರಾ? ಬಿಡಲಿಲ್ಲ. ಅದೇ ನನ್ನನ್ನು ಬಿಟ್ಟಿತು. ಮಾತಾಡೋ ಚಿತ್ರ ಬಂದವು. ಮೊದಲಾಳಿ ಪರದೆಯ ಹಿಂದೆ ದೊಡ್ಡ ಕೊಂಬಿನ ಯಂತ್ರ ತಂದು ಕೂರಿಸಿ, ಬಹಳ ಮರ್ಯಾದೆಯಿಂದ, "ಇನ್ನು ಮೇಲೆ ನಿನ್ನ ಗಂಟಲಿಗೆ ವಿಶ್ರಾಂತಿ" ಅಂದ. ಎಸ್ಟೇಟಿನ ಆ ಹೆಂಗಸು ಕೇಳಿದ್ದಕ್ಕೆ ಆಗ ಉತ್ತರ ಗೊತ್ತಾಯಿತು, ಇಂಥದ್ದು ಇಲ್ಲಿಗೆ ಯಾವಾಗ ಬರುತ್ತೆ ಅಂತ. ಬಂದದ್ದಕ್ಕೆ ಕೈಕಾಲೂ ಇರಲಿಲ್ಲ, ಬುದ್ಧಿಯೂ ಇರಲಿಲ್ಲ. ನಾವು ಚಿತ್ರದಲ್ಲಿ ನೋಡಿ ಹೆದರಿದ್ದು ಬೇರೆ, ಬಂದದ್ದು ಬೇರೆ. ಬರೀ ಬಾಯಿ. ನನ್ನನ್ನು ತುಳಿಯೋ ತೊಂದರೆಯನ್ನೂ ಅದು ತಗೊಳ್ಳಲಿಲ್ಲ.

ಊರಿಗೆ ಬಂದು ಹೊಲ ನೋಡಿಕೊಂಡೆ. ಒಂದು ಬೆಳಿಗ್ಗೆ ಕೆತ್ತಿಯ ಮೇಲಿನ ಇಳಿಜಾರಿನಲ್ಲಿ ಸೌದೆಗೆ ಹೋಗಿದ್ದೆ. ಕೆಂದು ಹೋರಿಯೊಂದು ಒಂಟಿಯಾಗಿ ಮೇಯ್ತಿತ್ತು. ಕೊರಳಲ್ಲಿ ಹಗ್ಗವಿಲ್ಲ, ಮೂಗಿನಲ್ಲಿ ದಾರವಿಲ್ಲ. ಮುಂಗಾಲು ಒಂದು ಬಿಳಿ.

ಸೌದೆ ಕೆಳಗಿಟ್ಟೆ. ಹತ್ತಿರ ಹೋದೆ, ಅದು ಓಡಲಿಲ್ಲ. ಬೆನ್ನ ಮೇಲೆ ಕೈಯಿಟ್ಟೆ, ಇಬ್ಬನಿಯಿಂದ ತೊಯ್ದಿದ್ದರೂ ಬೆಚ್ಚಗಿತ್ತು. ಅಪ್ಪನಿಗೆ ಉಸಿರು ಕಟ್ಟಿದ ಜಾಗ ನನಗೆ ಗೊತ್ತಿತ್ತು. ಅಲ್ಲಿಂದ ಹಿಡಿದು ಉಳಿದದ್ದನ್ನೆಲ್ಲ ಹೇಳತೊಡಗಿದೆ, ಕೂಗದೆ, ನಮ್ಮಿಬ್ಬರಿಗೆ ಕೇಳುವಷ್ಟು. ದನಿಗೂಡಿಸೋಕೆ ಯಾರೂ ಇರಲಿಲ್ಲ, ಅದೂ ಪಾಪವೇ ಅಂತ ನಾನೇ ಹೇಳಿಕೊಂಡೆ. ಕಣ್ಣಲ್ಲಿ ನೀರು ಸುರೀತಿತ್ತು. ಇಷ್ಟು ವರ್ಷಕ್ಕೆ ಒಂದು ಸಲ ಅವ್ವೆಗೆ ಸರಿಯಾಗಿ ಹೇಳ್ತಿದ್ದೀನಿ ಅನ್ನಿಸಿತು.

ಹೋರಿ ಮೇಯೋದು ಬಿಟ್ಟು ತಲೆ ಎತ್ತಿ ನನ್ನ ಮುಖ ನೋಡಿತು. ಆಗ ಗೊತ್ತಾಯಿತು, ನಾನು ಸುಮ್ಮನಾಗಿ ಎಷ್ಟೋ ಹೊತ್ತಾಗಿತ್ತು. ಮೂರು ಪಾಪ ಹೇಳಿ, ನಾಲ್ಕನೆಯದು ಹೇಳಿ, ಬಲಗೈ ಮೇಲೆತ್ತಿ, ಆ ಖಾಲಿ ಗುಡ್ಡದಲ್ಲಿ, ನಗು ಮುಗಿಯಲಿ ಅಂತ ಕಾಯ್ತಾ ನಿಂತಿದ್ದೆ.